ಸೂರ್ಯಪಾನದ ಬೀಜಕ್ಕೆ ಸತ್ತ ಮಿರ್ಚಿ: ರ‍್ಯಾಂಡಮ್ ನಜ್ಲಾಕ್‌ಗೆ ಯಾವ ಆಟ, ಯಾವ ಸೆಟ್ಟಿಂಗ್?

ಮಿರ್ಚಿ ಸತ್ತದ್ದು ಚಿಗರಿ ಬಸ್ಸಿನಲ್ಲಿ, ನವನಗರ ದಾಟುವ ಹೊತ್ತಿಗೆ. ಪೋಕೆಮಾನ್ ಆಟದ ಒಂಬತ್ತನೇ ಲೆವೆಲ್ಲಿನ ಟಾರ್ಚಿಕ್ ಅದು, ಬೆಂಕಿಯ ಮರಿ; ಮೈತುಂಬ 28 ಎಚ್‌ಪಿ, ಅಂದರೆ ಜೀವಬಲ, ಇತ್ತು. ಎದುರಿಗೆ ವಿರಿಡಿಯನ್ ಕಾಡಿನಲ್ಲಿ ಹುಳ ಹಿಡಿಯುವ ಹುಡುಗ ಬಿಟ್ಟದ್ದು ಒಂದು ಸನ್‌ಕರ್ನ್, ಅದೂ ಒಂಬತ್ತನೇ ಲೆವೆಲ್ಲಿನದೇ. ಸನ್‌ಕರ್ನ್ ಅಂದರೆ ಬೀಜ. ನಮ್ಮ ಕಡೆ ಸೂರ್ಯಪಾನ ಅಂತೀವಲ್ಲ, ಆ ಹೂವಿನ ಬೀಜಕ್ಕೆ ಕಣ್ಣು ಮೂಡಿದಂತಿರುತ್ತದೆ. ಅದರ ಆರೂ ಸ್ಟ್ಯಾಟ್, ಅಂದರೆ ಬಲಾಬಲದ ಅಂಕ, ಕೂಡಿಸಿದರೆ 180. ಫೈರ್‌ರೆಡ್ ಆಟದೊಳಗಿರುವ 386 ಪೋಕೆಮಾನ್‌ಗಳಲ್ಲಿ ಇದಕ್ಕಿಂತ ಬಡಪಾಯಿ ಇನ್ನೊಂದಿಲ್ಲ. ನಾನು ಕಿಟಕಿಯಾಚೆ ನೋಡುತ್ತ, ನಾಲ್ಕುಪಟ್ಟು ವೇಗದಲ್ಲಿ ಎ ಗುಂಡಿ ಒತ್ತುತ್ತಿದ್ದೆ. ತಿರುಗಿ ನೋಡಿದರೆ ಎರಡೂ ಬಿದ್ದಿದ್ದವು. ಸನ್‌ಕರ್ನ್ ತನ್ನನ್ನೇ ಸಿಡಿಸಿಕೊಳ್ಳುವ ಎಕ್ಸ್‌ಪ್ಲೋಷನ್ ಹೊಡೆದಿತ್ತು.

ಮನೆಗೆ ಹೋಗಿ ಲೆಕ್ಕ ಹಾಕಿದೆ. ಎಕ್ಸ್‌ಪ್ಲೋಷನ್‌ನ ಬಲ 250. ಸಾಲದ್ದಕ್ಕೆ ಹಳೆಯ ಆಟಗಳಲ್ಲಿ ಆ ಮೂವ್ (ಹೊಡೆತ) ಬೀಳುವಾಗ ಎದುರಿನವರ ಡಿಫೆನ್ಸ್ ಅರ್ಧಕ್ಕೆ ಇಳಿಯುತ್ತದೆ. ಸನ್‌ಕರ್ನ್‌ನಂಥ ನರಪೇತಲ ಹೊಡೆದರೂ ಪೆಟ್ಟು 30ರ ಮೇಲೆಯೇ ಬರುತ್ತದೆ, ಹೇಗೆ ಕೂಡಿಸಿ ಕಳೆದರೂ. ಅಂದರೆ ಬಸ್ಸಿನಲ್ಲಿ ನಾನು ಕಿಟಕಿ ನೋಡದೆ ಪರದೆ ನೋಡಿದ್ದರೂ ಮಿರ್ಚಿ ಉಳಿಯುತ್ತಿರಲಿಲ್ಲ. ಅವನ ಸಾವು ಬರೆದದ್ದು ಎರಡು ದಿನದ ಹಿಂದೆ, ಕಂಪ್ಯೂಟರ್ ಮುಂದೆ ಕೂತು ನಾನೇ ಒಂದು ಚೌಕಕ್ಕೆ ಟಿಕ್ ಹಾಕಿದಾಗ.

ಆ ಚೌಕಗಳ ಬಗ್ಗೆಯೇ ಈ ಬರಹ. ರ‍್ಯಾಂಡಮ್ ನಜ್ಲಾಕ್‌ನಲ್ಲಿ ಉಳಿಯುವುದು ಹೇಗೆ ಅಂತ ಕೇಳಿದರೆ ಬಹಳ ಮಂದಿ ಆಟ ಶುರುವಾದ ಮೇಲಿನ ಜಾಣತನ ಹೇಳುತ್ತಾರೆ. ನಾನು ಶುರುವಾಗುವ ಮುಂಚಿನದನ್ನು ಹೇಳುತ್ತೇನೆ.

ಪೋಕೆಮಾನ್ ಆಡಿ ಗೊತ್ತಿದ್ದು ನಜ್ಲಾಕ್ ಗೊತ್ತಿಲ್ಲದವರಿಗೆ ಎರಡು ಮಾತು. 2010ರಲ್ಲಿ ನಿಕ್ ಫ್ರಾಂಕೋ ಎಂಬಾತ ಪೋಕೆಮಾನ್ ರೂಬಿ ಆಟವನ್ನು ತನಗೆ ತಾನೇ ಕಟ್ಟಳೆ ಹಾಕಿಕೊಂಡು ಆಡಿ, ಆ ಕತೆಯನ್ನು ಕಾಮಿಕ್ಸ್ ಆಗಿ ಬರೆದು ಹಾಕಿದ. ಕಟ್ಟಳೆ ಇಷ್ಟೇ: ಪೋಕೆಮಾನ್ ಒಮ್ಮೆ ಮೂರ್ಛೆ ಹೋದರೆ ಸತ್ತ ಹಾಗೆ, ಒಂದೊಂದು ಜಾಗದಲ್ಲಿ ಮೊದಲು ಎದುರಾದದ್ದನ್ನು ಮಾತ್ರ ಹಿಡಿಯಬೇಕು, ತಪ್ಪಿದರೆ ಆ ಜಾಗ ಮುಗಿಯಿತು. ಹಿಡಿದದ್ದಕ್ಕೆ ಹೆಸರಿಡಬೇಕು ಅನ್ನುವುದು ಆಮೇಲೆ ಕೂಡಿಕೊಂಡ ರೂಢಿ, ಸತ್ತಾಗ ಹೊಟ್ಟೆ ಉರಿಯಲಿ ಅಂತ. ಹಳೆಯ ಆಟಗಳಲ್ಲಿ ಹೆಸರಿಗೆ ಹತ್ತೇ ಇಂಗ್ಲಿಷ್ ಅಕ್ಷರ. ಮಿರ್ಚಿ, ಗಿರ್ಮಿಟ್, ಫೇಡೆ ಎಲ್ಲ ಸುಖವಾಗಿ ಹಿಡಿಯುತ್ತವೆ. ಉಳ್ಳಾಗಡ್ಡಿ ಒಂಬತ್ತಕ್ಕೆ ಮುಗಿಯುತ್ತದೆ. ಇದಕ್ಕೆ ರ‍್ಯಾಂಡಮೈಜರ್ ಸೇರಿದರೆ ಯಾವ ಹುಲ್ಲಿನಲ್ಲಿ ಯಾವುದು ಇದೆ, ಯಾರ ಕೈಯಲ್ಲಿ ಏನಿದೆ ಎಲ್ಲವೂ ಇಸ್ಪೀಟ್ ಎಲೆ ಕಲಸಿದಂತೆ. ಇದನ್ನು ಮಾಡಿಕೊಡುವುದು ಡಬಮ್‌ಸ್ಟ್ಯೂ ಎಂಬ ಹೆಸರಿನಾತ ಬರೆದ ಯೂನಿವರ್ಸಲ್ ಪೋಕೆಮಾನ್ ರ‍್ಯಾಂಡಮೈಜರ್. ಅದರ ಮುಂದಿನ ರೂಪಕ್ಕೆ ಝಡ್‌ಎಕ್ಸ್ ಅಂತ ಹೆಸರು. ಜಾವಾ ಇರುವ ಕಂಪ್ಯೂಟರ್ ಬೇಕು. ಅದು ಆಟವನ್ನು ಕೊಡುವುದಿಲ್ಲ, ನಿಮ್ಮ ಹತ್ತಿರ ಇದ್ದದ್ದನ್ನು ಕಲಸುತ್ತದಷ್ಟೇ. ಪ್ರತಿ ನಿಮ್ಮದೇ ಆಗಿರಲಿ.

ನಾವು ಆಡುವವರು ಮೂವರು. ಧಾರವಾಡದಲ್ಲಿ ನಾನು, ಗದಗ-ಬೆಟಗೇರಿಯಲ್ಲಿ ಚಿಕ್ಕವ್ವನ ಮಗ, ಹಾವೇರಿಯಲ್ಲಿ ಕಾಲೇಜಿನ ದಿನದ ಒಬ್ಬ ದೋಸ್ತ. ಮೂವರೂ ಬೇಕಾದಷ್ಟು ಸಲ ಸತ್ತಿದ್ದೇವೆ.

ಯಾವ ಆಟ?

ರ‍್ಯಾಂಡಮೈಜರ್ ಪೋಕೆಮಾನ್ ಬದಲಿಸುತ್ತದೆ, ಆದರೆ ನೀವು ಹೇಳದ ಹೊರತು ಲೆವೆಲ್ ಮುಟ್ಟುವುದಿಲ್ಲ. ಎಲ್ಲ ಕಲಸಿಹೋದ ಮೇಲೆ ಕೈಯಲ್ಲಿ ಉಳಿಯುವ ಒಂದೇ ಖಾತ್ರಿ ಮಾಹಿತಿ ಈ ಲೆವೆಲ್. ಹಾಗಾಗಿ ಆಟ ಆರಿಸುವಾಗ ಕತೆ, ಬಣ್ಣ, ಬಾಲ್ಯದ ನೆನಪು ಎಲ್ಲ ಪಕ್ಕಕ್ಕಿಟ್ಟು ಲೆವೆಲ್ಲಿನ ಏರಿಕೆ ನೋಡಿ.

ಫೈರ್‌ರೆಡ್‌ನ ಎಂಟು ಜಿಮ್ ಲೀಡರ್‌ಗಳ (ಒಬ್ಬರಾದ ಮೇಲೊಬ್ಬರಂತೆ ಸೋಲಿಸಿ ಬ್ಯಾಡ್ಜ್ ಗಳಿಸಬೇಕಾದವರು, ಮೊದಲನೆಯವ ಬ್ರಾಕ್) ಅತಿ ದೊಡ್ಡ ಲೆವೆಲ್ ಸಾಲಾಗಿ ಹೀಗಿದೆ: 14, 21, 24, 29, 43, 43, 47, 50. ಕೊನೆಯ ಚಾಂಪಿಯನ್ 63. ಎಮರಾಲ್ಡ್‌ನದು: 15, 19, 24, 29, 31, 33, 42, 46, ಚಾಂಪಿಯನ್ 58. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ನಾಲ್ಕು ಹೆಚ್ಚುಕಡಿಮೆ ಒಂದೇ. ಆಮೇಲೆ ಫೈರ್‌ರೆಡ್ 29ರಿಂದ ಒಮ್ಮೆಲೇ 43ಕ್ಕೆ ಜಿಗಿಯುತ್ತದೆ. ನಾಲ್ಕನೆಯ ಲೀಡರ್ ಎರಿಕಾಳನ್ನು ಸೋಲಿಸಿ ಖುಷಿಯಲ್ಲಿದ್ದವರು ಐದನೆಯ ಕೋಗಾನ ಬಾಗಿಲಿಗೆ ಹೋಗಿ ಬೋಳಿಸಿಕೊಂಡು ಬರುವುದು ಇಲ್ಲಿಯೇ. ನಡುವೆ ವಿಎಸ್ ಸೀಕರ್ ಹಿಡಿದು ಸೋತವರನ್ನೇ ಮತ್ತೆ ಕರೆದು ಬಡಿದಾಡಿ ಲೆವೆಲ್ ಏರಿಸಬಹುದು. ಆದರೆ ಕಲಸಿದ ಆಟದಲ್ಲಿ ಪ್ರತಿ ಬಡಿದಾಟವೂ ಒಂದೊಂದು ಸನ್‌ಕರ್ನ್ ಬೀಜ.

ಎಮರಾಲ್ಡ್‌ನ ಏರಿಕೆ ಹಿತ. ಅದರ ತಲೆನೋವು ಬೇರೆ: ಅರ್ಧ ಆಟ ನೀರಿನ ಮೇಲೆ, ದಾರಿ ಬಿಡಿಸುವ ಎಚ್‌ಎಂ ಮೂವ್‌ಗಳು ಎಂಟು. ನಿಮ್ಮ ಕೈಗೆ ಸಿಕ್ಕ ಆರರಲ್ಲಿ ಯಾವುದಕ್ಕೂ ನೀರು ದಾಟಿಸುವ ಸರ್ಫ್ ಬರದಿದ್ದರೆ ದಡದಲ್ಲೇ ಕೂಡಬೇಕಾಗುತ್ತದೆ. ಎಲ್ಲ ಪೋಕೆಮಾನ್‌ಗೂ ಎಲ್ಲ ಎಚ್‌ಎಂ ಕಲಿಯಲು ಬರುವಂತೆ ಮಾಡುವ ಆಯ್ಕೆ ರ‍್ಯಾಂಡಮೈಜರ್‌ನಲ್ಲಿದೆ, ಅದನ್ನು ಕಣ್ಣುಮುಚ್ಚಿ ಹಾಕಿ. ಇದು ಮೋಸ ಅನ್ನುವವರು ಅನ್ನಲಿ.

ಇವೆರಡಕ್ಕೂ ಸೇರಿದ ಒಂದು ಹಳೆಯ ಶಾಪವಿದೆ, ವಿಷ. ಈ ತಲೆಮಾರಿನಲ್ಲಿ ವಿಷ ಏರಿದ ಪೋಕೆಮಾನ್ ಕಾದಾಟ ಮುಗಿದ ಮೇಲೂ ನೀವು ನಡೆದಂತೆಲ್ಲ ನಾಲ್ಕೈದು ಹೆಜ್ಜೆಗೊಂದು ಎಚ್‌ಪಿ ಕಳೆದುಕೊಳ್ಳುತ್ತ ಹೋಗಿ ಸಾಯುತ್ತದೆ. ಹಾವೇರಿ ದೋಸ್ತ ತನ್ನ ‘ಬ್ಯಾಡಗಿ’ಯನ್ನು ಕಳೆದುಕೊಂಡದ್ದು ಯಾವ ಲೀಡರ್‌ಗೂ ಅಲ್ಲ, ಆಸ್ಪತ್ರೆಗೆ ಎಂಟು ಹೆಜ್ಜೆ ಇರುವಾಗ ನಡುಬೀದಿಯಲ್ಲಿ. ಡೈಮಂಡ್, ಪ್ಲಾಟಿನಂ, ಹಾರ್ಟ್‌ಗೋಲ್ಡ್‌ಗಳಲ್ಲಿ ಈ ವಿಷ 1 ಎಚ್‌ಪಿಗೆ ಬಂದು ನಿಲ್ಲುತ್ತದೆ. ಬ್ಲ್ಯಾಕ್, ವೈಟ್‌ನಿಂದ ಮುಂದೆ ನಡೆಯುವಾಗ ವಿಷದ ಕಾಟವೇ ಇಲ್ಲ.

ಹಾಗಾದರೆ ಬ್ಲ್ಯಾಕ್ ಆಡಬಾರದೇಕೆ? ಅದರ ಪರವಾಗಿ ಇನ್ನೂ ಎರಡು ಮಾತಿವೆ. ಮೂವ್ ಕಲಿಸುವ ಟಿಎಂಗಳು ಒಮ್ಮೆ ಬಳಸಿದರೆ ಖರ್ಚಾಗುವುದಿಲ್ಲ. ಎಕ್ಸ್‌ಪೀರಿಯನ್ಸ್ ಲೆವೆಲ್ ಅಂತರ ನೋಡಿ ಸಿಗುತ್ತದೆ, ಅಂದರೆ ಹಿಂದೆ ಬಿದ್ದದ್ದು ಬೇಗ ಮೇಲೇರುತ್ತದೆ, ಮುಂದೆ ಓಡಿದ್ದು ನಿಧಾನವಾಗುತ್ತದೆ. ತಂಡದ ಅರ್ಧ ಸತ್ತು, ಪೆಟ್ಟಿಗೆಯಲ್ಲಿದ್ದ ಎಳೆಯವನ್ನು ಎಬ್ಬಿಸಿ ತರಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಫೋನಿನಲ್ಲಿ ಎರಡು ಪರದೆಯ ಆಟ ಆಡುವುದು, ಅದೂ ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಹಿಡಿಕೆ ಹಿಡಿದು, ನನ್ನಿಂದ ಆಗಲಿಲ್ಲ. ಮನೆಯಲ್ಲಿ ಕೂತು ಆಡುವವರಾದರೆ ಬ್ಲ್ಯಾಕ್ ಒಳ್ಳೆಯದು. ಫೋನಿನವರಿಗೆ ಎಮರಾಲ್ಡ್. ಫೈರ್‌ರೆಡ್ ಎರಡನೆಯ, ಮೂರನೆಯ ಸಲಕ್ಕೆ. ನಾನು ಮೊದಲು ಅದನ್ನೇ ಹಿಡಿದದ್ದು ತಪ್ಪು, ಈಗಲೂ ಅದನ್ನೇ ಆಡುತ್ತಿರುವುದು ಚಟ.

ಪ್ಲಾಟಿನಂ ಚೆನ್ನಾಗಿದೆ, ಚಾಂಪಿಯನ್ 62. ಹಾರ್ಟ್‌ಗೋಲ್ಡ್‌ನಲ್ಲಿ ಕೊನೆಯ ಲೀಡರ್ 41, ಚಾಂಪಿಯನ್ 50. ಕಾಡಿನ ಪೋಕೆಮಾನ್‌ಗಳ ಲೆವೆಲ್ ಅದಕ್ಕಿಂತ ಬಹಳ ಕೆಳಗೆ, ಹಾಗಾಗಿ ಬೆಳೆಸುವುದೇ ಒಂದು ಕೂಲಿ.

ಫೈರ್‌ರೆಡ್ ಹಿಡಿಯುವವರಿಗೆ ಒಂದು ಎಚ್ಚರಿಕೆ. ಮೂಲ ಆಟದಲ್ಲಿ ನ್ಯಾಷನಲ್ ಡೆಕ್ಸ್ (ಎಲ್ಲ ಪೋಕೆಮಾನ್‌ಗಳ ಪಟ್ಟಿ) ಸಿಗುವವರೆಗೆ 151ರ ಆಚೆಯ ಪೋಕೆಮಾನ್ ಆಗಿ ಬೆಳೆಯಲು ಆಟ ಬಿಡುವುದಿಲ್ಲ. ದೋಸ್ತನ ಮಡ್‌ಕಿಪ್ 16ಕ್ಕೆ ಬೆಳೆಯಬೇಕಿತ್ತು. 17 ಆಯಿತು, 18 ಆಯಿತು, ಇನ್ನೂ ಮರಿಯೇ. ಶುರುವಿನಲ್ಲೇ ನ್ಯಾಷನಲ್ ಡೆಕ್ಸ್ ಕೊಡುವ ಚೌಕವಿದೆ, ಟಿಕ್ ಮಾಡಿ. ಹಾಗೆಯೇ ಅದಲುಬದಲು ಮಾಡಿದರೆ ಮಾತ್ರ ಬೆಳೆಯುವ ಹಾಂಟರ್, ಕಡಾಬ್ರಾ, ಮಚೋಕ್‌ನಂಥವನ್ನು ಲೆವೆಲ್ಲಿನಿಂದ ಬೆಳೆಯುವಂತೆ ಮಾಡುವ ಚೌಕಕ್ಕೂ.

ಹುಲ್ಲಿನೊಳಗಿನವು, ಎದುರಾಳಿಯ ಕೈಯವು

ಕಾಡಿನ ಪೋಕೆಮಾನ್ ಕಲಸಲು ಮುಖ್ಯವಾಗಿ ಮೂರು ದಾರಿ. ಪೂರಾ ರ‍್ಯಾಂಡಮ್ ಅಂದರೆ ಒಂದು ಹುಲ್ಲುಗಾವಲಿನ ಹನ್ನೆರಡು ಜಾಗಕ್ಕೆ ಹನ್ನೆರಡು ಬೇರೆ ಬೇರೆ ಪೋಕೆಮಾನ್ ಬರಬಹುದು. ಏರಿಯಾವಾರು ಅಂದರೆ ಆ ಜಾಗದ ಮಟ್ಟಿಗೆ ಒಂದಕ್ಕೊಂದು ಬದಲಿ: ಮೊದಲ ರೂಟಿನಲ್ಲಿ ಪಿಜಿ ಮತ್ತು ರಟ್ಟಾಟಾ ಎರಡೇ ಇದ್ದವು, ಈಗಲೂ ಎರಡೇ ಇರುತ್ತವೆ, ಮುಖ ಬೇರೆ. ಗ್ಲೋಬಲ್ ಅಂದರೆ ಇಡೀ ಆಟಕ್ಕೆ ಒಂದೇ ಬದಲಿ. ಜುಬ್ಯಾಟ್ ಬದಲು ಸ್ಲಗ್ಮಾ ಬಂದರೆ ಯಾವ ಗವಿಗೆ ಹೋದರೂ ಸ್ಲಗ್ಮಾ.

ಪೂರಾ ರ‍್ಯಾಂಡಮ್ ನೋಡಲು ರೋಮಾಂಚನ, ಆಡಲು ಕುರುಡಾಟ. ಒಂದು ಜಾಗದಲ್ಲಿ ಹತ್ತು ಸಲ ಕಾದಾಡಿದರೂ ಹನ್ನೊಂದನೆಯದು ಏನು ಅಂತ ಹೇಳಲಾಗುವುದಿಲ್ಲ. ಗ್ಲೋಬಲ್‌ನಲ್ಲಿ ಒಂದು ಸಲ ಕಂಡದ್ದು ಕೊನೆಯವರೆಗೆ ಪಾಠ. ನನ್ನ ಲೆಕ್ಕ ಇಲ್ಲಿಂದ ಶುರು: ಅದೃಷ್ಟದಲ್ಲಿ ಎರಡು ಜಾತಿ. ಒಮ್ಮೆ ಹೊಡೆದು, ಹೊಡೆದದ್ದು ಏನು ಅಂತ ತಿಳಿಸಿ ಹೋಗುವುದು ಒಂದು. ಪ್ರತಿ ಸಲ ಹೊಸದಾಗಿ ಹೊಡೆಯುವುದು ಇನ್ನೊಂದು. ಮೊದಲನೆಯದರ ಜೊತೆ ಸಂಸಾರ ಮಾಡಬಹುದು.

ಗ್ಲೋಬಲ್‌ಗೆ ಒಂದು ಕುಂದಿದೆ, ಒಂದೇ ಮುಖ ಪದೇ ಪದೇ ಕಂಡು ಬೇಸರ ಬರುತ್ತದೆ. ಹಿಡಿದ ಜಾತಿಯೇ ಮತ್ತೆ ಬಂದರೆ ಲೆಕ್ಕಕ್ಕಿಲ್ಲ, ಇನ್ನೊಂದಕ್ಕೆ ಕಾಯಬಹುದು ಅನ್ನುವ ‘ಡ್ಯೂಪ್ಸ್’ ಕಟ್ಟಳೆ ಇಟ್ಟುಕೊಂಡರೆ ಅದೂ ಸಹನೀಯ. ಒಬ್ಬರೇ ಆಡುವಾಗ ನಾನು ಏರಿಯಾವಾರು ಹಾಕುತ್ತೇನೆ. ಮೂವರು ಒಟ್ಟಿಗೆ ಅಂದರೆ ಗ್ಲೋಬಲ್, ಅದರ ಕಾರಣ ಆಮೇಲೆ.

ಬದಲಿಗೆ ಬರುವುದು ಮೂಲದಷ್ಟೇ ಬಲದ್ದಿರಲಿ ಅನ್ನುವ ‘ಸರಿಸಮಾನ ಬಲ’ದ ಚೌಕ ಬೇಕೋ ಬೇಡವೋ? ಬೇಡ ಅಂದರೆ ಎರಡನೇ ಲೆವೆಲ್ಲಿನ ಮ್ಯೂಟು ಮೊದಲ ರೂಟಿನಲ್ಲೇ ಎದುರಾಗಬಹುದು. ಹುರುಪಿನಿಂದ ಚೆಂಡು ಎಸೆಯುತ್ತೀರಿ. ಮ್ಯೂಟುವಿನ ಕ್ಯಾಚ್ ರೇಟ್ (ಹಿಡಿಯಲು ಎಷ್ಟು ಸುಲಭ ಅನ್ನುವ ಅಂಕ) 3. ಎಚ್‌ಪಿ ತುಂಬಿದ್ದಾಗ ಸಾದಾ ಪೋಕೆಬಾಲ್ ಅದನ್ನು ಹಿಡಿಯುವ ಸಾಧ್ಯತೆ 250ಕ್ಕೆ ಒಂದು ಸಲದಷ್ಟು. ಕೈಯಲ್ಲಿ ಐದು ಚೆಂಡು. ಮೊದಲ ಜಾಗ ಹಾಳು. ಕನಿಷ್ಠ ಕ್ಯಾಚ್ ರೇಟ್ ಏರಿಸುವ ಆಯ್ಕೆಯೂ ಇದೆ, ಕಾಡಿನವಕ್ಕೆ ಅದನ್ನು ಹಾಕಿಕೊಂಡರೆ ಸಮಾನ ಬಲ ಬಿಟ್ಟರೂ ನಡೆಯುತ್ತದೆ.

ಎದುರಾಳಿಗಳ ವಿಷಯಕ್ಕೆ ಸಮಾನ ಬಲ ಬೇಕೇ ಬೇಕು ಅನ್ನುವುದು ನನ್ನ ಮತ. ಕಾರಣ ಲೆವೆಲ್ಲಿನ ಲೆಕ್ಕದಲ್ಲಿದೆ. ಅಟ್ಯಾಕ್ ಮೂಲಾಂಕ 150 ಇರುವ ಗ್ರೌಡನ್ ಮತ್ತು 30 ಇರುವ ಸನ್‌ಕರ್ನ್ ಎರಡನ್ನೂ ಮೂರನೇ ಲೆವೆಲ್ಲಿಗೆ ನಿಲ್ಲಿಸಿ: ಒಂದಕ್ಕೆ 14, ಇನ್ನೊಂದಕ್ಕೆ 6ರಷ್ಟು. ಅಂತರ ಎಂಟು. ಅರವತ್ತಕ್ಕೆ ನಿಲ್ಲಿಸಿದರೆ 185 ಮತ್ತು 41. ಎಳೆಯವರಾಗಿದ್ದಾಗ ಆನೆಗೂ ಆಡಿಗೂ ಅಷ್ಟು ಫರಕಿಲ್ಲ, ಬೆಳೆದ ಮೇಲೆ ಆನೆ ಆನೆಯೇ. ಅಂದರೆ ಎದುರಾಳಿಯ ಮೈ ಕಲಸಿದರೆ ಅದರ ಪೆಟ್ಟು ಬೀಳುವುದು ಆಟದ ಕೊನೆಯಲ್ಲಿ, ನಲವತ್ತು ಗಂಟೆ ಸುರಿದಾದ ಮೇಲೆ. ಮೂವ್ ಕಲಸಿದರೆ ಪೆಟ್ಟು ಮೊದಲ ಅರ್ಧ ಗಂಟೆಯಲ್ಲೇ. ಯಾವಾಗ ಸಾಯುವುದು ನಿಮಗೆ ಹಿತ ಅನ್ನುವುದು ನಿಮಗೆ ಬಿಟ್ಟದ್ದು. ನನಗೆ ಅರ್ಧ ಗಂಟೆಯದೇ ವಾಸಿ.

ಮೂವ್ ಕಲಸಬೇಕೋ ಬೇಡವೋ

ಜಗಳ ಹತ್ತುವುದು ಇಲ್ಲಿಯೇ. ಗದಗಿನ ತಮ್ಮನ ವಾದ: “ಅಣ್ಣಾ, ಮೂವ್ ಕಲಸದಿದ್ರ ಅದೆಂಥಾ ರ‍್ಯಾಂಡಮ್? ಬರೇ ಮುಖಾ ಬದ್ಲಿ ಮಾಡಿದ ಹಂಗ.” ದೋಸ್ತನ ವಾದ: “ಕಲಸಿದ್ರ ಆಟ ಆಡೂದು ನಾವಲ್ಲ, ಲಾಟರಿ ತಿಕೀಟ ಹರಿಯೂದು.”

ಇಬ್ಬರದೂ ಅರ್ಧ ಸರಿ. ಪೂರಾ ಕಲಸಿದಾಗ ಏನಾಗುತ್ತದೆ ಅಂತ ಎರಡು ಉದಾಹರಣೆ ಕೊಡುತ್ತೇನೆ. ಐದನೇ ಲೆವೆಲ್ಲಿನ ಸ್ಟಾರ್ಟರ್‌ಗೆ (ಆಟದ ಶುರುವಿಗೆ ಆರಿಸಿಕೊಳ್ಳುವ ಪೋಕೆಮಾನ್‌ಗೆ) ಎಚ್‌ಪಿ ಸುಮಾರು 20. ಸೋನಿಕ್ ಬೂಮ್ ಎಂಬ ಮೂವ್ ಯಾರೇ ಹೊಡೆಯಲಿ, ಘೋಸ್ಟ್ ಟೈಪ್ ಬಿಟ್ಟು ಯಾರಿಗೇ ಹೊಡೆಯಲಿ, ಪೆಟ್ಟು ಸರಿಯಾಗಿ 20. ಡ್ರ್ಯಾಗನ್ ರೇಜ್ 40. ಮೂಲ ಆಟದಲ್ಲಿ ಇವು ಶುರುವಿನಲ್ಲಿ ಎದುರಾಗದಂತೆ ಜೋಡಿಸಿದ್ದಾರೆ, ಕಲಸಿದ ಮೇಲೆ ಆ ಜೋಡಣೆ ಎಲ್ಲಿಯದು? ಮೊದಲ ರೂಟಿನ ಮೆಟಾಪಾಡ್ ಬಾಯಲ್ಲೂ ಬರಬಹುದು. ಇಂಥ ಆಟ ಕೆಡಿಸುವ ಮೂವ್‌ಗಳನ್ನು ಹೊರಗಿಡುವ ಚೌಕ ರ‍್ಯಾಂಡಮೈಜರ್‌ನಲ್ಲಿದೆ. ಮಿರ್ಚಿಯ ರನ್ನಿನಲ್ಲಿ ನಾನು ಅದನ್ನು ಹಾಕಿದ್ದೆ. ಆದರೂ ಎಕ್ಸ್‌ಪ್ಲೋಷನ್ ನುಸುಳಿತು, ಯಾಕಂದರೆ ಆ ಚೌಕ ಕಾಯುವುದು ಸೋನಿಕ್ ಬೂಮ್‌ನಂಥವನ್ನು. ತನ್ನನ್ನೂ ಕೊಂದುಕೊಂಡು ಎದುರಿನವನನ್ನೂ ಕೊಲ್ಲುವವನನ್ನು ಯಾವ ಚೌಕ ತಡೆಯುತ್ತದೆ?

ಎರಡನೆಯ ಉದಾಹರಣೆ ನಮ್ಮ ಪರವಾದದ್ದು. ಕಲಸಿದ ಮೂವ್ ಪಟ್ಟಿ ಜಾತಿಗೆ ಕಟ್ಟಿರುತ್ತದೆ, ಒಂದೊಂದು ಪೋಕೆಮಾನ್‌ಗೆ ಬೇರೆ ಬೇರೆ ಅಲ್ಲ. ನನ್ನ ಫೈಲಿನಲ್ಲಿ ಒಂದು ಸನ್‌ಕರ್ನ್‌ಗೆ ಎಕ್ಸ್‌ಪ್ಲೋಷನ್ ಗೊತ್ತಿದ್ದರೆ ಆ ಫೈಲಿನ ಎಲ್ಲ ಸನ್‌ಕರ್ನ್‌ಗೂ ಆ ಲೆವೆಲ್ಲಿನಲ್ಲಿ ಗೊತ್ತು. ಅಂದರೆ ಇದು ತಿಳಿಸಿ ಹೋಗುವ ಜಾತಿಯ ಅದೃಷ್ಟ. ಮಿರ್ಚಿ ಸತ್ತ ದಿನ ಲೈನ್‌ಬಜಾರಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಡಕ್ಕೆ ಪೋಕೆಮಾನ್ ಹೆಸರು, ನಡುವೆ ಲೆವೆಲ್, ಬಲಕ್ಕೆ ಕಂಡ ಮೂವ್. ಲೆವೆಲ್ ಬರೆಯುವುದು ಮುಖ್ಯ: ಎದುರಾಳಿಯ ಪೋಕೆಮಾನ್‌ಗೆ ಸಾಮಾನ್ಯವಾಗಿ ಆ ಲೆವೆಲ್ಲಿನವರೆಗೆ ಕಲಿತ ಕೊನೆಯ ನಾಲ್ಕು ಮೂವ್ ಇರುತ್ತವೆ. ಒಂಬತ್ತಕ್ಕೆ ಎಕ್ಸ್‌ಪ್ಲೋಷನ್ ಇದ್ದ ಸನ್‌ಕರ್ನ್ ಮೂವತ್ತಕ್ಕೆ ಅದನ್ನು ಮರೆತಿರಬಹುದು. ಹಳೆ ಭಯ ಹೊಸ ಲೆವೆಲ್ಲಿಗೆ ಒಯ್ಯಬಾರದು.

ಇನ್ನೊಂದು ನಡುದಾರಿ: ಮೂವ್ ಕಲಸಿ, ಆದರೆ ಆ ಪೋಕೆಮಾನ್‌ನ ಟೈಪಿಗೆ ಒಪ್ಪುವ ಮೂವ್‌ಗೆ ಒಲವು ಇರಲಿ ಅನ್ನುವ ಆಯ್ಕೆ. ಬೆಂಕಿಯದಕ್ಕೆ ಹೆಚ್ಚಾಗಿ ಬೆಂಕಿ ಬರುತ್ತದೆ. ಜೊತೆಗೆ ಎಲ್ಲಕ್ಕೂ ಶುರುವಿಗೇ ನಾಲ್ಕು ಮೂವ್ ಕೊಡುವ ಚೌಕ, ಒಂದಿಷ್ಟು ಶೇಕಡಾ ಮೂವ್‌ಗಳಾದರೂ ಚೆನ್ನಾಗಿ ಹೊಡೆಯುವಂಥವಿರಲಿ ಅನ್ನುವ ಚೌಕ. ಈ ಮೂರೂ ಹಾಕಿದರೆ ಎದುರಿನ ಮುಖ ನೋಡಿ ಅಂದಾಜು ಮಾಡಲು ಬರುತ್ತದೆ. ನಾವು ಮೂವರೂ ಒಪ್ಪಿಕೊಂಡದ್ದು ಕೊನೆಗೆ ಇದನ್ನೇ, ತಮ್ಮ ಗೊಣಗುತ್ತಲೇ.

ಫೈರ್‌ರೆಡ್, ಎಮರಾಲ್ಡ್‌ನಲ್ಲಿ ಮೂವ್ ಕಲಸುವವರು ಇನ್ನೊಂದು ನೆನಪಿಡಬೇಕು. ಅಲ್ಲಿ ಯಾವ ಮೂವ್ ಅಟ್ಯಾಕ್ ಬಲದಿಂದ, ಯಾವುದು ಸ್ಪೆಷಲ್ ಬಲದಿಂದ ಅನ್ನುವುದು ಟೈಪ್ ನೋಡಿ ತೀರ್ಮಾನ. ಬೆಂಕಿ, ನೀರು, ಹುಲ್ಲು, ಕರೆಂಟು, ಐಸ್, ಸೈಕಿಕ್, ಡ್ರ್ಯಾಗನ್, ಡಾರ್ಕ್ ಎಲ್ಲ ಸ್ಪೆಷಲ್. ಮಚಾಂಪ್‌ಗೆ ಡಾರ್ಕ್ ಟೈಪಿನ ಕ್ರಂಚ್ ಬಂತು ಅಂತ ಕುಣಿಯಬೇಡಿ, ಅದು ಅವನ ಸೊರಗಿದ ಸ್ಪೆಷಲ್‌ನಿಂದ ಹೊಡೆಯುತ್ತದೆ. ಡೈಮಂಡ್‌ನಿಂದ ಮುಂದೆ ಮೂವ್ ಮೂವ್‌ಗೂ ಬೇರೆ, ಅಲ್ಲಿ ಈ ತೊಡಕಿಲ್ಲ.

ಅಬಿಲಿಟಿ, ಅಂದರೆ ಹುಟ್ಟುಗುಣ, ಕಲಸುವುದು? ಮೊದಲ ಸಲಕ್ಕೆ ಬೇಡ. ದೌರ್ಬಲ್ಯದ ಟೈಪಿನ ಹೊಡೆತ ಬಿಟ್ಟು ಬೇರೆ ಹೊಡೆತ ತಾಗದಂತೆ ಕಾಯುವ ಶೆಡಿಂಜಾದ ವಂಡರ್ ಗಾರ್ಡ್ ಬೇರೆಯವರಿಗೆ ಹೋಗದಂತೆ ರ‍್ಯಾಂಡಮೈಜರ್ ತಾನೇ ತಡೆಯುತ್ತದೆ, ನೀವು ಟಿಕ್ ಹಾಕಿ ಬಿಟ್ಟರೆ ಮಾತ್ರ ಹೋಗುತ್ತದೆ. ಅದು ಸೇಬಲ್‌ಐ ಕೈಗೆ ಸಿಕ್ಕರೆ ಆ ಕಾಲದ ಆಟಗಳಲ್ಲಿ ಅದಕ್ಕೆ ಒಂದೂ ದೌರ್ಬಲ್ಯವಿಲ್ಲ, ಹೊಡೆದ ಪೆಟ್ಟೆಲ್ಲ ಗೋಡೆಗೆ. ಬದಲಿಸಲು ಬಿಡದ ಶ್ಯಾಡೋ ಟ್ಯಾಗ್, ಅರೀನಾ ಟ್ರ್ಯಾಪ್ ಇವನ್ನು ಹೊರಗಿಡುವ ಚೌಕವಾದರೂ ಇರಲಿ. ಇನ್ನೊಂದು ಮಗ್ಗುಲೂ ಇದೆ: ಸ್ಟ್ಯಾಟ್ ಒಟ್ಟು 670 ಇರುವ ಸ್ಲೇಕಿಂಗ್ ಒಂದು ಸರದಿ ಬಿಟ್ಟು ಒಂದು ಸರದಿ ಸುಮ್ಮನಿರುವ ತನ್ನ ಸೋಮಾರಿತನ ಕಳಕೊಂಡು ನಿಮ್ಮ ಪಾಲಿಗೆ ಬಂದರೆ, ಆ ರನ್ ಗೆದ್ದ ಹಾಗೆ ಅಂತಲೇ ತಿಳಿಯಿರಿ.

ಮೂರು ಚೆಂಡಿನಲ್ಲಿ ಯಾವುದು

ಎರಡು ಸಲ ಬೆಳೆಯುವವೇ ಸ್ಟಾರ್ಟರ್ ಆಗಿ ಬರಲಿ ಅಂತ ಹಾಕಿದ ಒಂದು ರನ್ನಿನಲ್ಲಿ ನಮಗೆ ಬಂದ ಮೂರು: ಲಾರ್ವಿಟಾರ್, ಆಬ್ರಾ, ಕ್ಯಾಟರ್‌ಪಿ. ಆ ಸಲ ಮೂವ್ ಕಲಸಿರಲಿಲ್ಲ. ಆಬ್ರಾಗೆ ತಪ್ಪಿಸಿಕೊಂಡು ಹೋಗುವುದು ಬಿಟ್ಟು ಬೇರೆ ಮೂವ್ ಇಲ್ಲ, 16ಕ್ಕೆ ಬೆಳೆಯುವವರೆಗೆ ಅದನ್ನು ಕಂಕುಳಲ್ಲಿ ಹೊರಬೇಕು. ಅದರ ಮಾತು ಅಲ್ಲಿಗೇ ಬಿಟ್ಟೆವು.

ತಮ್ಮ ಲಾರ್ವಿಟಾರ್ ಎತ್ತಿದ. “ಟೈರಾನಿಟಾರ್ ಆಗ್ತತಿ ನೋಡಣ್ಣಾ, 600 ಐತಿ ಅದರದು.” ಆಗುತ್ತದೆ, 55ಕ್ಕೆ. ಫೈರ್‌ರೆಡ್‌ನ ಕೊನೆಯ ಲೀಡರ್ 50. ಲೀಡರ್‌ನ ಲೆವೆಲ್ ದಾಟಬಾರದು ಅನ್ನುವ ಕಟ್ಟಳೆ ನಮ್ಮಲ್ಲಿತ್ತು. ಅಂದರೆ ಎಂಟೂ ಬ್ಯಾಡ್ಜ್ ಮುಗಿದರೂ ಟೈರಾನಿಟಾರ್ ಮುಖ ನೋಡುವ ಹಾಗಿಲ್ಲ; 30ರಿಂದ 55ರವರೆಗೆ ಪ್ಯುಪಿಟಾರ್ ಎಂಬ ಕಲ್ಲಿನ ಕೋಶ. ಮೊದಮೊದಲು ಅವನದು ಜೋರಾಗಿಯೇ ಇತ್ತು, ಸುಳ್ಳು ಹೇಳಬಾರದು. ಆ 29ರಿಂದ 43ರ ಜಿಗಿತದಲ್ಲಿ ಕೋಶ ಒಡೆಯಿತು.

ನಾನು ಕ್ಯಾಟರ್‌ಪಿ ತೆಗೆದುಕೊಂಡಾಗ ತಮ್ಮ ಫೋನಿನಲ್ಲೇ ಬಿದ್ದು ಬಿದ್ದು ನಕ್ಕ. ಏಳಕ್ಕೆ ಮೆಟಾಪಾಡ್, ಹತ್ತಕ್ಕೆ ಬಟರ್‌ಫ್ರೀ. 15ಕ್ಕೆ ಸ್ಲೀಪ್ ಪೌಡರ್. ಅದರ ಕಾಂಪೌಂಡ್ ಐಸ್ ಅಬಿಲಿಟಿ ಇದ್ದರೆ ನೂರಕ್ಕೆ 75 ಸಲ ತಾಗುವ ಪುಡಿ 97 ಸಲಕ್ಕೂ ಮಿಕ್ಕಿ ತಾಗುತ್ತದೆ. ಮಲಗಿದ ಪೋಕೆಮಾನ್ ಹಿಡಿಯುವ ಅವಕಾಶ ಈ ಆಟಗಳಲ್ಲಿ ಎರಡುಪಟ್ಟು. ಬಟರ್‌ಫ್ರೀ ತಾನು ಯಾರನ್ನೂ ದೊಡ್ಡದಾಗಿ ಬಡಿಯಲಿಲ್ಲ. ಆದರೆ ಮಲಗಿಸಿ ಮಲಗಿಸಿ ಹನ್ನೊಂದು ಜಾಗದಲ್ಲಿ ಒಂಬತ್ತನ್ನು ಹಿಡಿಸಿಕೊಟ್ಟಿತು. 25 ದಾಟಿದ ಮೇಲೆ ಅದರ ಕೈಯಲ್ಲಿ ಏನೂ ಆಗುವುದಿಲ್ಲ, ಅಷ್ಟರೊಳಗೆ ಪೆಟ್ಟಿಗೆ ತುಂಬಿತ್ತು.

ಹಾಗಾಗಿ ಸ್ಟಾರ್ಟರ್ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ: ಮೊದಲ ಇಪ್ಪತ್ತು ಲೆವೆಲ್ಲಿನಲ್ಲಿ ಇದು ನನಗೆ ಬೇರೆಯವನ್ನು ಗಳಿಸಿಕೊಡುತ್ತದೋ ಇಲ್ಲವೋ. ಮೂವ್ ಕಲಸಿದ್ದರೆ ಈ ಲೆಕ್ಕವೂ ಬದಲಿ, ಆಗ ಮೂರರಲ್ಲಿ ಬೇಗ ಬೆಳೆಯುವುದನ್ನು ಹಿಡಿಯಿರಿ.

ಕಟ್ಟಳೆಯ ವಿಷಯ

ಶಿಫ್ಟ್ ಇಡಬೇಕೋ ಸೆಟ್ ಇಡಬೇಕೋ ಅಂತ ಬಹಳ ಚರ್ಚೆ. ಗಟ್ಟಿ ಆಟಗಾರರು ಬದಲಿಸುತ್ತೀರಾ ಅಂತ ಕೇಳದ ಸೆಟ್ ಇಟ್ಟು, ಕಾದಾಟದಲ್ಲಿ ಔಷಧ ಬಳಸದೆ ಆಡುತ್ತಾರೆ. ಕಲಸಿದ ಆಟದ ಮೊದಲ ಸಲಕ್ಕೆ ನಾನು ಶಿಫ್ಟ್ ಇರಲಿ ಅನ್ನುತ್ತೇನೆ. ಶಿಫ್ಟ್‌ನಲ್ಲಿ ಒಂದು ಬಿದ್ದ ಮೇಲೆ ಮುಂದೆ ಬರುವುದರ ಹೆಸರು ಹೇಳಿ, ಬದಲಿಸುತ್ತೀರಾ ಅಂತ ಕೇಳುತ್ತದೆ. ನನಗೆ ಬೇಕಾದದ್ದು ಆ ಬದಲಿಸುವ ಅವಕಾಶಕ್ಕಿಂತ ಆ ಹೆಸರು. ಹೆಸರು ಬಂತು, ನೋಟ್‌ಬುಕ್ ತೆಗೆದೆ.

ಲೆವೆಲ್ ಏರಿಸುವುದು ಹುಲ್ಲಿನಲ್ಲೋ, ತಿಂದರೆ ಒಂದು ಲೆವೆಲ್ ಏರುವ ರೇರ್ ಕ್ಯಾಂಡಿಯಲ್ಲೋ? ಮುಂದಿನ ಲೀಡರ್‌ನ ಲೆವೆಲ್ ದಾಟದ ಕಟ್ಟಳೆ ಇದ್ದರೆ ಚೀಟ್ ಹಾಕಿ ಕ್ಯಾಂಡಿ ತಿನ್ನಿಸುವುದರಲ್ಲಿ ನನಗೆ ಪಾಪ ಕಾಣುವುದಿಲ್ಲ. ಹುಲ್ಲಿನಲ್ಲಿ ಗಂಟೆಗಟ್ಟಲೆ ಸುತ್ತಿದರೆ ಬೇಸರಕ್ಕೆ ವೇಗ ಏರಿಸುತ್ತೀರಿ, ವೇಗದಲ್ಲಿ ಕ್ರಿಟಿಕಲ್, ಅಂದರೆ ಒಮ್ಮೊಮ್ಮೆ ಬೀಳುವ ಜೋರು ಪೆಟ್ಟು, ಬೀಳುತ್ತದೆ. ಫೈರ್‌ರೆಡ್ ಕಾಲದಲ್ಲಿ ಅದು ಹದಿನಾರಕ್ಕೊಂದು ಸಲ, ಪೆಟ್ಟು ಎರಡುಪಟ್ಟು.

ಆಟವನ್ನು ಬೇಕಾದ ಕ್ಷಣಕ್ಕೆ ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಆಡುವ ಸೇವ್ ಸ್ಟೇಟ್ ಬಗ್ಗೆ ಮಾತಾಡುವುದೇ ಬೇಡ. ಸತ್ತ ಮೇಲೆ ಹಿಂದಕ್ಕೆ ಹೋಗುವವರು ನಜ್ಲಾಕ್ ಯಾಕೆ ಆಡಬೇಕು? ಆದರೆ ಫೋನಿನಲ್ಲಿ ಕರೆ ಬಂದು ಎಮ್ಯುಲೇಟರ್ (ಹಳೆಯ ಆಟ ಆಡಿಸುವ ಆ್ಯಪ್) ಮುಚ್ಚಿಹೋಗುವುದುಂಟು, ಅದಕ್ಕೆ ಕಾದಾಟದ ಹೊರಗೆ ಒಂದು ಸ್ಟೇಟ್ ಇಟ್ಟುಕೊಳ್ಳಲು ನಮ್ಮಲ್ಲಿ ಅನುಮತಿ ಇದೆ. ಸತ್ತವನ್ನು ಬಿಟ್ಟುಬಿಡುವುದೋ ಪೆಟ್ಟಿಗೆಯಲ್ಲಿ ಇಡುವುದೋ? ನಾನು ಒಂದು ಪೆಟ್ಟಿಗೆಗೆ ರುದ್ರಭೂಮಿ ಅಂತ ಹೆಸರಿಟ್ಟಿದ್ದೇನೆ.

ರ‍್ಯಾಂಡಮೈಜರ್ ಒಂದು ಲಾಗ್ ಫೈಲನ್ನೂ ಬರೆದು ಕೊಡುತ್ತದೆ. ಯಾರ ಕೈಯಲ್ಲಿ ಏನಿದೆ, ಯಾವುದಕ್ಕೆ ಯಾವ ಮೂವ್, ಎಲ್ಲ ಅದರಲ್ಲಿ. ಅದನ್ನು ಮೊದಲೇ ತೆರೆದರೆ ಪ್ರಶ್ನೆಪತ್ರಿಕೆ ಕದ್ದ ಹಾಗೆ. ನಮ್ಮ ಒಪ್ಪಂದ: ಸತ್ತದ್ದರ ಮತ್ತು ಕೊಂದದ್ದರ ಪುಟ ಮಾತ್ರ ತೆರೆಯಬಹುದು, ಅದೂ ಸತ್ತ ಮೇಲೆ. ಪೋಸ್ಟ್‌ಮಾರ್ಟಂ ಅಂತೀವಿ. ದೋಸ್ತ ಒಂದು ಸಲ ಮುಂದಿನ ಲೀಡರ್‌ನ ಪುಟ ಕದ್ದು ನೋಡಿದ್ದು ನಮಗೆ ಗೊತ್ತಾದದ್ದು ಹೇಗೆಂದರೆ, ಆತ ಅಂದು ಸೋಲಲಿಲ್ಲ.

ಒಬ್ಬರೇ, ಇಲ್ಲಾ ಒಂದೇ ಸೀಡ್‌ನಲ್ಲಿ ಮೂವರು

ಒಂದೇ ಸೆಟ್ಟಿಂಗ್, ಒಂದೇ ಸೀಡ್ (ಹೇಗೆ ಕಲಸಬೇಕು ಅಂತ ತೀರ್ಮಾನಿಸುವ ಸಂಖ್ಯೆ) ಹಂಚಿಕೊಂಡರೆ ಮೂವರಿಗೂ ಒಂದೇ ಕಲಸಿದ ಲೋಕ ಸಿಗುತ್ತದೆ. ಧಾರವಾಡದಲ್ಲಿ ಏನು ಸಿಡಿಯಿತೋ ಗದಗಿನಲ್ಲೂ ಅದೇ ಸಿಡಿಯುತ್ತದೆ. ಇದರಲ್ಲೂ ಎರಡು ಬಗೆ: ಏನೂ ಹೇಳಿಕೊಳ್ಳದೆ ಯಾರು ಮುಂದೆ ಹೋಗುತ್ತಾರೆ ಅಂತ ಪಂಥ ಹಾಕುವುದು, ಇಲ್ಲಾ ಸತ್ತವನು ಉಳಿದವರಿಗೆ ಒಂದು ವಾಕ್ಯ ಬಿಟ್ಟು ಹೋಗುವುದು. ಪಂಥ ಮಾಡಿ ನೋಡಿದೆವು, ಎರಡನೇ ಬ್ಯಾಡ್ಜ್‌ನೊಳಗೆ ಮೂವರೂ ಒಂದೇ ಹಳ್ಳಕ್ಕೆ ಬಿದ್ದೆವು. ಈಗ ವಾಕ್ಯದ ಕಟ್ಟಳೆ. ಸತ್ತಾಗ ಒಂದೇ ವಾಕ್ಯ, ವಾಟ್ಸಾಪ್‌ನಲ್ಲಿ. ಗ್ಲೋಬಲ್ ಬದಲಿ ಹಾಕುವುದು ಇದಕ್ಕೇ, ಒಬ್ಬ ಕಂಡದ್ದು ಮೂವರಿಗೂ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

ಮಿರ್ಚಿ ಸತ್ತ ಸಂಜೆ ಜುಬಿಲಿ ಸರ್ಕಲ್‌ನಲ್ಲಿ ಇಳಿದು ನಾನು ಹಾಕಿದ ವಾಕ್ಯ: “ಕಾಡಿನ್ಯಾಗ ಸೂರ್ಯಪಾನದ ಬೀಜ ಸಿಡೀತತಿ, ಕಲ್ಲಿನ್ನ ಮುಂದ ಬಿಡ್ರಿ.” ರಾಕ್ ಟೈಪಿಗೆ ಎಕ್ಸ್‌ಪ್ಲೋಷನ್ ಅರ್ಧವೇ ತಾಗುತ್ತದೆ, ಘೋಸ್ಟ್‌ಗೆ ತಾಗುವುದೇ ಇಲ್ಲ. ದೋಸ್ತನ ಹತ್ತಿರ ಒಂದು ಜಿಯೋಡೂಡ್ ಇತ್ತು, ‘ಉಳ್ಳಾಗಡ್ಡಿ’ ಅಂತ ಹೆಸರು. ಮರುದಿನ ಬೆಳಿಗ್ಗೆ ಆತನ ಉತ್ತರ ಬಂತು: “ಉಳ್ಳಾಗಡ್ಡಿ 6 ಎಚ್‌ಪಿ ಮ್ಯಾಲೆ ಉಳದಾನ. ಮಿರ್ಚಿಗೆ ಒಂದ್ ಪ್ಲೇಟ್ ನಿನ್ನ ಹೆಸರ್ಲೆ ತಿಂದೆ.”

ತಮ್ಮನಿಂದ ಉತ್ತರ ಬರಲಿಲ್ಲ. ಮಧ್ಯಾಹ್ನ ಫೋನ್ ಮಾಡಿದರೆ ತಣ್ಣಗೆ ಅಂದ: “ನಾ ಅದನ್ನ ಹಿಡದೀನಣ್ಣಾ. ಆರನೇದಾಗಿ ಇಟ್ಕೊಂಡೀನಿ. ಬ್ರಾಕ್‌ಗೆ ಬಿಡ್ತೀನಿ.”